ಹಂಪಿ ನೋಡಲು ಮೂರು ದಾರಿ: ಬಸ್ಸು, ಕಾಲ್ನಡಿಗೆ, ಆನೆಗೊಂದಿಯ ಊರುಸುತ್ತು

ಹಂಪಿಯನ್ನು ನಾನು ಹೊಸಪೇಟೆಯಿಂದ ಹೊರಡುವ ಖಾಸಗಿ ಬಸ್ಸಿನ ಪ್ರವಾಸದಲ್ಲೂ, ಸ್ಥಳೀಯ ಮಾರ್ಗದರ್ಶಿಯೊಡನೆ ಕಾಲ್ನಡಿಗೆಯಲ್ಲೂ, ತುಂಗಭದ್ರೆಯ ಆಚೆ ದಡದ ಆನೆಗೊಂದಿಯವರು ತಾವೇ ಕರೆದೊಯ್ಯುವ ಊರುಸುತ್ತಿನಲ್ಲೂ ನೋಡಿದ್ದೇನೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ, ಏಕೆಂದರೆ ಒಂದೊಂದರಲ್ಲಿ ಕಂಡದ್ದು ಒಂದೊಂದು.

ಬಸ್ಸಿನ ಪ್ರವಾಸದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಮಲ ಮಹಲ್, ಆನೆ ಲಾಯ, ಮಹಾನವಮಿ ದಿಬ್ಬ, 1528ರ ಉಗ್ರನರಸಿಂಹ ಎಲ್ಲವೂ ಒಂದೇ ದಿನದಲ್ಲಿ ಮುಗಿಯುತ್ತವೆ. ಬಿಸಿಲಿನಲ್ಲಿ ನಡೆಯಲಾಗದ ಹಿರಿಯರಿಗೆ ಇದೇ ಅನುಕೂಲ. ಆದರೆ ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ಬ್ಯಾಟರಿ ವಾಹನದ ಸಾಲಿನಲ್ಲೇ ಸಮಯ ಸವೆಯುತ್ತದೆ, ಊರಿನವರೆಂದರೆ ಎಳನೀರು ಮಾರುವವರಷ್ಟೇ ಎದುರಾಗುತ್ತಾರೆ.

ಮಾರ್ಗದರ್ಶಿಯೊಡನೆ ನಡೆದಾಗ ಅದೇ ವಿಠ್ಠಲ ದೇವಾಲಯಕ್ಕೆ ವಿರೂಪಾಕ್ಷ ಬಜಾರಿನಿಂದ ಹೊಳೆಯ ದಂಡೆ ಹಿಡಿದು, ಕೋದಂಡರಾಮನ ಗುಡಿ, ಅಚ್ಯುತರಾಯ ದೇವಾಲಯದ ಮುಂದಿನ ಪಾಳುಬಿದ್ದ ಪೇಟೆ, ರಾಜರ ತುಲಾಭಾರದ ಕಲ್ಲುಕಮಾನುಗಳನ್ನು ಹಾದು ತಲುಪಿದೆವು. ಕಟ್ಟಡಗಳು ಬಿಡಿಬಿಡಿಯಾಗಿರದೆ ಒಂದು ನಗರವಾಗಿ ಕೂಡಿಕೊಂಡದ್ದು ಈ ನಡಿಗೆಯಲ್ಲೇ. ನನಗೆ ಹೆಚ್ಚು ಹಿಡಿಸಿದ್ದು ನೀರಿನ ಕಥೆ: ವಿಜಯನಗರದ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿರುವುದನ್ನೂ, ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಜೋಡಣೆಗಾಗಿ ಕೆತ್ತಿದ ಗುರುತುಗಳನ್ನೂ ಆತ ನಿಂತು ತೋರಿಸಿದ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಿದ ಸಂಗತಿಯನ್ನು ಬಸ್ಸಿನಲ್ಲಿ ಯಾರೂ ಎತ್ತಿರಲಿಲ್ಲ. ಈತ ಯಾವ ಮಂಟಪದಲ್ಲಿ ಯಾರ ಹೋಟೆಲಿತ್ತೆಂದು ಬೆರಳು ಮಾಡಿ ಹೇಳಿದ. ಪಾಳು ಎಂದು ನಾವು ನೋಡುವ ಬೀದಿಯಲ್ಲಿ ಮೊನ್ನೆಮೊನ್ನೆಯವರೆಗೂ ಒಲೆ ಉರಿಯುತ್ತಿತ್ತು ಎನ್ನುವುದು ವಿಜಯನಗರ ಹಾಳಾಗಲು ಕಾರಣವಾದ 1565ರ ಯುದ್ಧದ ವರ್ಣನೆಗಿಂತ ನನ್ನನ್ನು ಹೆಚ್ಚು ಕಲಕಿತು.

ಆನೆಗೊಂದಿಯಲ್ಲಿ ಜನರೇ ಮುಂದೆ, ಸ್ಮಾರಕಗಳು ಹಿಂದೆ. ಕೋಟೆಬಾಗಿಲು, ಗಗನ ಮಹಲ್, ರಂಗನಾಥನ ಗುಡಿಗಳ ನಡುವೆ ಜನ ಬದುಕುತ್ತಿದ್ದಾರೆ. ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಂಗಸರ ಪಕ್ಕ ಕುಳಿತು ಮಾತಾಡಬಹುದು, ಮನೆಯೊಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣಬಹುದು. ಇತಿಹಾಸದ ವಿವರಣೆ ಮಾತ್ರ ಇಲ್ಲಿ ತೆಳು. ನಮ್ಮನ್ನು ಕರೆದೊಯ್ದವರು ಅಂಜನಾದ್ರಿ, ಕಿಷ್ಕಿಂಧೆಯ ಕಥೆಗಳನ್ನು ರಸವತ್ತಾಗಿ ಹೇಳಿದರು, ಶಾಸನ, ರಾಜವಂಶದ ಪ್ರಶ್ನೆಗಳಿಗೆ ನಕ್ಕು ಮುಂದೆ ಸಾಗಿದರು. ಅದು ನನಗೆ ಕೊರತೆಯೆನಿಸಲಿಲ್ಲ, ಆದರೆ ಹಂಪಿಯನ್ನು ಮೊದಲ ಬಾರಿ ನೋಡುವವರಿಗೆ ಅನಿಸಬಹುದು.

ಹಾಗಾಗಿ ಎರಡು ದಿನವಿರುವವರು ಮೊದಲ ದಿನ ಮಾರ್ಗದರ್ಶಿಯೊಡನೆ ನಡೆದು, ಮರುದಿನ ಆನೆಗೊಂದಿಗೆ ಹೋಗುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದೇ ದಿನವಿದ್ದರೆ ಬಸ್ಸಿಗಿಂತ ನಡಿಗೆಯನ್ನೇ ಆರಿಸುವೆ, ಅರ್ಧದಷ್ಟು ಸ್ಥಳಗಳು ತಪ್ಪಿದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ದೋಣಿ, ಹರಿಗೋಲುಗಳು ನಿಲ್ಲುತ್ತವೆ. ಆಗ ಆನೆಗೊಂದಿಗೆ ಸೇತುವೆಯ ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕಾದ್ದರಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.