ಎಂಡಿಂಗ್ ಅರ್ಥವಾಗಲಿಲ್ಲವೇ? ವಿಡಿಯೊ, ವಿಕಿ, ಇಲ್ಲಾ ಇನ್ನೊಂದು ಸಲ ಆಟ

ಸೈಲೆಂಟ್ ಹಿಲ್ 2, ಸೋಮಾ, ಇನ್‌ಸೈಡ್: ಈ ಮೂರು ಹಾರರ್ ಗೇಮ್‌ಗಳ ಕೊನೆಯನ್ನೂ ಇಲ್ಲಿ ಪೂರ್ತಿ ಹೇಳಿಬಿಟ್ಟಿದ್ದೇನೆ. ಆಡಬೇಕು ಅಂತ ಇರುವವರು ಆಡಿ ಮುಗಿಸಿ ಬನ್ನಿ.

ಹಾರರ್ ಗೇಮ್ ಮುಗಿದ ಮೇಲೆ ‘ಏನಾಯ್ತು ಇದು?’ ಅನ್ನಿಸಿದರೆ ಮೂರು ದಾರಿಗಳಿವೆ. ಯೂಟ್ಯೂಬಿನಲ್ಲಿ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೊ ನೋಡಬಹುದು. ಅಭಿಮಾನಿಗಳ ವಿಕಿ ಓದಬಹುದು. ಇಲ್ಲವೇ ಸುಮ್ನೆ ಮೊದಲಿಂದ ಆಡಬಹುದು. ನಾನು ಮೂರನ್ನೂ ಮಾಡಿ ನೋಡಿದೆ.

ಸೈಲೆಂಟ್ ಹಿಲ್ 2 ಬಂದಿದ್ದು 2001ರಲ್ಲಿ. ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಮೇರಿಯಿಂದ ಜೇಮ್ಸ್‌ಗೆ ಕಾಗದ ಬರುತ್ತದೆ. ಅವಳನ್ನು ಹುಡುಕಿಕೊಂಡು ಮಂಜು ಮುಸುಕಿದ ಊರಿಗೆ ಹೋಗುತ್ತಾನೆ. ಕಾಯಿಲೆ ಬಿದ್ದಿದ್ದ ಅವಳನ್ನು ದಿಂಬು ಒತ್ತಿ ಕೊಂದವನು ತಾನೇ ಅಂತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಈ ಆಟಕ್ಕೆ ಹಲವು ಎಂಡಿಂಗ್ ಇವೆ, ನನಗೆ ಸಿಕ್ಕಿದ್ದು ‘ಇನ್ ವಾಟರ್’. ಅದರಲ್ಲಿ ಜೇಮ್ಸ್ ಕಾರಿನ ಸಮೇತ ಸರೋವರಕ್ಕೆ ಬೀಳುತ್ತಾನೆ. ಇವನು ಯಾಕೆ ಹೀಗೆ ಮಾಡಿದ ಅಂತ ಮೊದಲು ವಿಡಿಯೊ ಹುಡುಕಿದೆ.

ವಿಡಿಯೊಗಳಿಂದ ಬೇಜಾರೇ ಆಯಿತು. ಈ ರಾಕ್ಷಸ ಅದರ ಸಂಕೇತ, ಆ ರಾಕ್ಷಸ ಇದರ ಸಂಕೇತ ಅಂತ ಎಳೆಯುತ್ತಲೇ ಹೋಗುತ್ತಾರೆ. ತಲೆಯ ಮೇಲೆ ಪಿರಮಿಡ್ಡಿನಂಥ ಮುಸುಕು ಹೊತ್ತ ರಾಕ್ಷಸ ಪಿರಮಿಡ್ ಹೆಡ್ ಅಂದರೆ ಜೇಮ್ಸ್ ತನಗೆ ತಾನೇ ಬಯಸಿದ ಶಿಕ್ಷೆ ಅನ್ನುವುದನ್ನು ದೊಡ್ಡ ಗುಟ್ಟಿನ ಹಾಗೆ ಬಿಚ್ಚಿಡುತ್ತಾರೆ. ಅಲ್ಲಾ, ಅದನ್ನು ಜೇಮ್ಸೇ ಆಟದಲ್ಲಿ ಬಾಯಿಬಿಟ್ಟು ಹೇಳುತ್ತಾನಲ್ವಾ?

ಉತ್ತರ ಸಿಕ್ಕಿದ್ದು ವಿಕಿಯಲ್ಲಿ. ಅದೂ ಕಥೆಯ ಪುಟದಲ್ಲಲ್ಲ, ಯಾವ ಎಂಡಿಂಗ್ ಯಾವಾಗ ಬರುತ್ತದೆ ಅನ್ನುವ ಒಣ ಪಟ್ಟಿಯಲ್ಲಿ. ಗಾಯವಾದರೂ ಔಷಧಿ ತಗೊಳ್ಳದೆ ಅಲೆದಾಡಿದರೆ, ಆ ಊರಲ್ಲಿ ಎದುರಾಗುವ ಏಂಜೆಲಾ ಅನ್ನುವವಳ ಚಾಕುವನ್ನು ತೆಗೆದು ನೋಡಿದರೆ ‘ಇನ್ ವಾಟರ್’ ಕಡೆಗೆ ವಾಲುತ್ತದೆ. ಮೇರಿಯ ಫೋಟೊ, ಕಾಗದ ನೋಡಿದರೆ, ಕೊನೆಯ ಉದ್ದನೆಯ ಕಾರಿಡಾರಿನಲ್ಲಿ ನಿಂತು ಅವಳ ಮಾತನ್ನು ಪೂರ್ತಿ ಕೇಳಿದರೆ ‘ಲೀವ್’ ಕಡೆಗೆ, ಅಂದರೆ ಜೇಮ್ಸ್ ಊರು ಬಿಟ್ಟು ಹೋಗುವ ಎಂಡಿಂಗ್ ಕಡೆಗೆ. ಗಾಯ ವಾಸಿಮಾಡುವ ಹೆಲ್ತ್ ಡ್ರಿಂಕ್ ಬಳಸದೆ ಕೂಡಿಡುವುದು ನನ್ನ ಹಳೇ ಚಾಳಿ. ನನ್ನ ಜಿಪುಣತನವನ್ನು ಆಟ ‘ಇವನಿಗೆ ಬದುಕುವ ಆಸೆ ಇಲ್ಲ’ ಅಂತ ಓದಿಕೊಂಡಿತ್ತು! ಯಾವುದು ‘ನಿಜವಾದ’ ಎಂಡಿಂಗ್ ಅನ್ನುವ ಜಗಳವೇ ಆಮೇಲೆ ನನಗೆ ದಂಡ ಅನ್ನಿಸಿತು. 2024ರ ರೀಮೇಕ್ ಇನ್ನೆರಡು ಎಂಡಿಂಗ್ ಸೇರಿಸಿದ್ದರಿಂದ ಆ ಜಗಳ ಇನ್ನೂ ಜೋರಾಗಿದೆ, ಬಿಡಿ.

ಮತ್ತೆ ಆಡಿದ್ದರಿಂದ ಇನ್ನೊಂದು ಲಾಭವಾಯಿತು. ಮೇರಿಯ ಕಾಗದ ಇನ್ವೆಂಟರಿಯಲ್ಲೇ, ಅಂದರೆ ಜೇಮ್ಸ್ ಹತ್ತಿರ ಇರುವ ವಸ್ತುಗಳ ಪಟ್ಟಿಯಲ್ಲೇ ಇರುತ್ತದೆ. ಕಥೆ ಮುಂದುವರಿದ ಹಾಗೆ ಅದರ ಅಕ್ಷರ ಮಾಸುತ್ತದೆ, ಆಮೇಲೆ ಹಾಳೆ ಖಾಲಿಯಾಗುತ್ತದೆ. ಮೊದಲ ಸಲ ಅದನ್ನು ತೆಗೆದು ನೋಡುವ ಪುರುಸೊತ್ತು ಯಾರಿಗಿರುತ್ತದೆ?

ಸೋಮಾ (2015) ವಿಷಯದಲ್ಲಿ ವಿಕಿ ಏನೂ ಪ್ರಯೋಜನಕ್ಕೆ ಬರಲಿಲ್ಲ. ಸೈಮನ್ 2015ರಲ್ಲಿ ಟೊರೊಂಟೊದಲ್ಲಿ ಮೆದುಳಿನ ಸ್ಕ್ಯಾನ್‌ಗೆ ಕೂರುತ್ತಾನೆ, ಕಣ್ಣು ಬಿಟ್ಟರೆ 2104ರಲ್ಲಿ ಸಮುದ್ರದಡಿಯ ಪಾಥೋಸ್-2 ಕೇಂದ್ರ. ಇಸವಿ, ಘಟನೆ ಎಲ್ಲ ವಿಕಿಯಲ್ಲಿವೆ. ಆದರೆ ನನಗೆ ಗೊಂದಲ ಇದ್ದದ್ದು ಅಲ್ಲಿ ಅಲ್ಲ. ಕೊನೆಗೆ ಜನರ ಮನಸ್ಸಿನ ನಕಲುಗಳನ್ನು ತುಂಬಿಕೊಂಡ ಆರ್ಕ್ ಬಾಹ್ಯಾಕಾಶಕ್ಕೆ ಹಾರುತ್ತದೆ, ಸೈಮನ್ ಕತ್ತಲಲ್ಲೇ ಉಳಿಯುತ್ತಾನೆ. ಯಾಕೆ?

ಇಲ್ಲಿ ಗೆದ್ದಿದ್ದು ಎರಡನೇ ಆಟ. ನಡುವೆ ಒಮಿಕ್ರಾನ್ ಅನ್ನುವ ಜಾಗದಲ್ಲಿ ಸೈಮನ್‌ನ ಮನಸ್ಸಿನ ನಕಲು ಹೊಸ ಸೂಟಿಗೆ ಹೋಗುತ್ತದೆ. ನಾವು ಹೊಸಬನ ಕಣ್ಣಿಂದ ನೋಡುತ್ತಿರುತ್ತೇವೆ. ಕುರ್ಚಿಯಲ್ಲಿ ಉಳಿದ ಹಳೇ ಸೈಮನ್ ‘ಏನೂ ಆಗಲಿಲ್ಲವಲ್ಲ’ ಅಂತ ಗಲಿಬಿಲಿಯಿಂದ ಮಾತಾಡುವುದು ಕೇಳಿಸುತ್ತದೆ. ಮೊದಲ ಸಲ ಅದನ್ನು ಕೇಳಿ ಮುಂದೆ ನಡೆದುಬಿಟ್ಟಿದ್ದೆ. ಎರಡನೇ ಸಲ ಕೇಳಿದಾಗ ಕೊನೆಯ ದೃಶ್ಯ ತಾನೇ ಬಿಚ್ಚಿಕೊಂಡಿತು: ಅದೇ ಘಟನೆ, ಈ ಸಲ ಆ ಕುರ್ಚಿಯ ಕಡೆಯಿಂದ. ನಾಣ್ಯ ಚಿಮ್ಮಿದ ಹಾಗೆ, ಅದೃಷ್ಟ ಕೈಕೊಟ್ಟಿತು ಅಂತ ಕಥೆಯಲ್ಲಿ ಮಾತು ಬರುತ್ತದೆ. ಅದೃಷ್ಟದ ಪ್ರಶ್ನೆಯೇ ಅಲ್ಲ. ಪ್ರತಿ ಸಲವೂ ಒಬ್ಬ ಹಿಂದೆ ಉಳಿದೇ ಉಳಿಯುತ್ತಾನೆ.

ವಿಡಿಯೊ ಬೇಕೇಬೇಕು ಅನ್ನಿಸಿದ್ದು ಇನ್‌ಸೈಡ್‌ಗೆ (2016) ಮಾತ್ರ. ಇಡೀ ಆಟದಲ್ಲಿ ಒಂದು ಮಾತಿಲ್ಲ. ಗುಟ್ಟಿನ ಎಂಡಿಂಗ್ ಸಿಗಲು ಅಲ್ಲಲ್ಲಿ ಅಡಗಿಸಿಟ್ಟ ಗೋಳಗಳನ್ನು ಹುಡುಕಬೇಕು, ಅವು ಎಲ್ಲಿವೆ ಅಂತ ಹೇಳಿಕೊಟ್ಟಿದ್ದು ವಿಡಿಯೊಗಳೇ. ಆ ಎಂಡಿಂಗಿನಲ್ಲಿ ನಾವು ಆಡಿಸುವ ಹುಡುಗ ಒಂದು ಪ್ಲಗ್ ಕೀಳುತ್ತಾನೆ, ಕಿತ್ತ ಕೂಡಲೇ ತಲೆ ತಗ್ಗಿಸಿ ಕುಸಿದುಬಿಡುತ್ತಾನೆ. ಅವನನ್ನು ನಡೆಸುತ್ತಿದ್ದದ್ದು ಕೊನೆಯಲ್ಲಿ ಬರುವ ಮಾಂಸದ ಮುದ್ದೆ ಅಂತ ಕೆಲವರ ವಾದ, ಆಡುತ್ತಿದ್ದ ನಾವೇ ಅಂತ ಇನ್ನು ಕೆಲವರದು. ನನ್ನ ಓಟು ಎರಡನೆಯದಕ್ಕೆ. ಪ್ಲಗ್ ಕಿತ್ತ ಮೇಲೆ ಕಂಟ್ರೋಲರಿನಲ್ಲಿ ಏನು ಒತ್ತಿದರೂ ಅವನು ಕದಲುವುದಿಲ್ಲ.