ಜೆ.ಆರ್. ಸರ್ಕ್ಯೂಟ್: ಹಳೇದು, ಆದರೆ ಓ.ಟಿ.ಯಲ್ಲಿ ಇರಲೇಬೇಕು

ಮಕ್ಕಳ ಓ.ಟಿ.ಯಲ್ಲಿ (ಆಪರೇಷನ್ ಥಿಯೇಟರ್) ಅನೆಸ್ತೇಶಿಯಾ ಕೊಡೋದು ನನ್ನ ಕೆಲಸ. ಉಸಿರು ಕೊಡುವ ಹೊಸ ಮೆಷಿನ್ ಬಂದಾಗಲೆಲ್ಲ "ಇನ್ನು ಈ ಹಳೇ ಬ್ಯಾಗ್ ಯಾಕೆ?" ಅಂತ ಯಾರಾದರೂ ಕೇಳುತ್ತಾರೆ. ಅವರಿಗಾಗಿ ಇದು.

ಜೆ.ಆರ್. ಸರ್ಕ್ಯೂಟ್ ಅಂದರೆ ಮಗುವಿಗೆ ಗ್ಯಾಸ್ ಒಯ್ಯುವ ಪೈಪ್, ಅದರ ತುದಿಗೆ ಕೈಯಿಂದ ಒತ್ತಿ ಉಸಿರು ಕೊಡುವ ಬ್ಯಾಗ್. ವಸ್ತು ತುಂಬಾ ಸರಳ. 1937ರಲ್ಲಿ ಇಂಗ್ಲೆಂಡಿನ ಫಿಲಿಪ್ ಏರ್ ಟಿ-ಪೀಸ್ (ಟಿ ಆಕಾರದ ಪೈಪ್) ತಂದರು, 1950ರಲ್ಲಿ ಲಿವರ್‌ಪೂಲ್‌ನ ಜಾಕ್ಸನ್ ರೀಸ್ (ಜೆ.ಆರ್. ಅಂದರೆ ಇವರೇ) ಅದಕ್ಕೆ ಬಾಲದಲ್ಲಿ ತೂತಿರುವ ಬ್ಯಾಗ್ ಸೇರಿಸಿದರು. ವಾಲ್ವ್ ಇಲ್ಲ, ಹಾಗಾಗಿ ಮಗು ತಾನೇ ಉಸಿರೆಳೆದರೂ ತಡೆ ಕಡಿಮೆ. 3 ಕೆ.ಜಿ. ಮಗುವಿನ ಒಂದು ಉಸಿರು ಅಂದರೆ 15ರಿಂದ 20 ಮಿ.ಲೀ. ಗಾಳಿ, ಹೆಚ್ಚೆಂದರೆ ನಾಲ್ಕು ಟೀ ಚಮಚ. ದೊಡ್ಡವರ ಪೈಪ್ ಹಾಕಿದರೆ ಅದು ಹಿಗ್ಗುವುದರಲ್ಲೇ ಒಂದಷ್ಟು ಕಳೆದುಹೋಗುತ್ತದೆ.

ಒಮ್ಮೆ ಎರಡು ದಿನದ ಕೂಸಿಗೆ ಅನ್ನನಾಳದ ಆಪರೇಷನ್, ಅದು ಶ್ವಾಸನಾಳಕ್ಕೆ ಕೂಡಿಕೊಂಡಿತ್ತು. ಬಲಗಡೆ ಎದೆ ತೆರೆದು ಶ್ವಾಸಕೋಶ ಸರಿಸುತ್ತಿದ್ದ ಹಾಗೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 95ರಿಂದ 80ಕ್ಕೆ ಬಂತು. ಮೆಷಿನ್ ಪ್ರೆಶರ್ ಮೋಡ್‌ನಲ್ಲಿತ್ತು, ಇಟ್ಟಷ್ಟು ಪ್ರೆಶರ್ ಕೊಡುತ್ತಲೇ ಇತ್ತು, ಒಳಗೆ ಹೋಗುವ ಗಾಳಿ ಮಾತ್ರ ಅರ್ಧಕ್ಕಿಳಿದಿತ್ತು. ಜೆ.ಆರ್. ಸಿಕ್ಕಿಸಿ ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ. "ಸರ್, ಒಂದ್ನಿಮಿಷ ಕೈ ತೆಗೀರಿ" ಅಂತ ಸರ್ಜನ್‌ಗೆ ಅಂದೆ, ಅವರು ತೆಗೆದರು, ಮಗುವಿನ ಶ್ವಾಸನಾಳದಲ್ಲಿದ್ದ ಟ್ಯೂಬ್‌ನೊಳಗೆ ಸಕ್ಷನ್ ಹಾಕಿದಾಗ ರಕ್ತ ಬೆರೆತ ಕಫದ ಗಂಟು ಬಂತು. ಮುಂದಿನ ಒತ್ತಿಗೆ ಬ್ಯಾಗ್ ಮೆತ್ತಗಿತ್ತು, ಆ ಪುಟ್ಟ ಎದೆ ಮೇಲೆದ್ದಿತು. ಆಗ ನನಗೂ ಉಸಿರು ಬಂತು.

ಹಾಗಂತ ಕೈಯನ್ನೇ ನಂಬಿ ಕೂರಬೇಡಿ. ಕೈಗೆ ಎಷ್ಟೋ ಸಲ ಮೋಸ ಆಗುತ್ತದೆ, ಹೊರಬರುವ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಅಳೆದು ತೋರಿಸುವ ಕ್ಯಾಪ್ನೋಗ್ರಾಫ್ ಬೇಕೇ ಬೇಕು. ಇದರ ತೊಂದರೆಗಳೂ ಸಣ್ಣವಲ್ಲ. ಗ್ಯಾಸ್ ಜಾಸ್ತಿ ಹರಿಸಬೇಕು. ಒಣ, ತಣ್ಣನೆಯ ಗ್ಯಾಸ್‌ನಿಂದ ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ಅನೆಸ್ತೇಶಿಯಾ ಗ್ಯಾಸ್ ಓ.ಟಿ.ಗೇ ಬರುತ್ತದೆ, ನಾವೂ ಅದನ್ನೇ ಉಸಿರಾಡುತ್ತೇವೆ. ಎಲ್ಲಕ್ಕಿಂತ ಭಯದ್ದು ಆ ಬಾಲ: ತಿರುಚಿಕೊಂಡು ಮುಚ್ಚಿದರೆ ಕ್ಷಣದಲ್ಲಿ ಪ್ರೆಶರ್ ಏರಿ ಎಳೆಯ ಶ್ವಾಸಕೋಶ ಒಡೆಯಬಹುದು. ಒಮ್ಮೆ ನಾನು ತೆರೆದ ಹೊಸ ಪ್ಯಾಕ್‌ನಲ್ಲಿ ಬಾಲದ ರಬ್ಬರ್ ಅಂಟಿಕೊಂಡೇ ಇತ್ತು. ಮಗುವಿಗೆ ಹಾಕುವ ಮೊದಲೇ ನೋಡಿದ್ದರಿಂದ ಬಚಾವಾದೆವು. ಅಗ್ಗ ಅಂತ ತರಿಸಬೇಡಿ, ರಬ್ಬರ್ ಹಿಗ್ಗಿಸಿ ನೋಡಿ ತೆಗೆದುಕೊಳ್ಳಿ.

ಎರಡು ಮೂರು ಗಂಟೆಯ ಆಪರೇಷನ್‌ಗೆ ನಾನು ಮೆಷಿನ್ನೇ ಹಾಕುತ್ತೇನೆ, ಅದರಷ್ಟು ಒಂದೇ ಸಮನೆ ಕೈಯಿಂದ ಆಗಲ್ಲ. ಆದರೆ ಪಕ್ಕದಲ್ಲಿ ಪರೀಕ್ಷಿಸಿದ ಜೆ.ಆರ್. ನೇತಾಡುತ್ತಿರದೆ ನಾನು ಯಾವ ಹಸುಗೂಸಿಗೂ ಅನೆಸ್ತೇಶಿಯಾ ಶುರು ಮಾಡುವುದಿಲ್ಲ.