ಮನೆ ಮುಂದೆ ಮೂರು ಕುಳ್ಳ ಪೈನ್: ಯಾವುದು ನೆಡಬೇಕು, ಹೇಗೆ ಸವರಬೇಕು

ಅಮೆರಿಕದ ಓರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ನಮ್ಮ ಮನೆ. ಮುಂಬಾಗಿಲ ಮೆಟ್ಟಿಲಿನಿಂದ ಗ್ಯಾರೇಜಿನವರೆಗೆ ಒಂದು ಪಟ್ಟಿ ಜಾಗ ಇದೆ. 2016ರ ವಸಂತದಲ್ಲಿ ಅಲ್ಲಿ ಮೂರು ಬಗೆಯ ಕುಳ್ಳ ಪೈನ್ ನೆಟ್ಟೆ. ಒಂದೇ ಮಣ್ಣು, ಒಂದೇ ಬಿಸಿಲು. ತಂದಾಗ ಮೂರೂ ಹೆಚ್ಚುಕಮ್ಮಿ ಒಂದಡಿ ಎತ್ತರ ಇದ್ದವು. ಹಾಗಾಗಿ ಹೋಲಿಸುವುದು ಸುಲಭ.

ಮೊದಲನೆಯದು 'ಡ್ವಾರ್ಫ್ ಮ್ಯೂಗೋ', ಅಂದರೆ ಕುಳ್ಳ ಮ್ಯೂಗೋ ಪೈನ್, ಅಂತ ಚೀಟಿ ಇದ್ದ ಗಿಡ, 20 ಡಾಲರ್. ಎರಡನೆಯದು ಮ್ಯೂಗೋ ಜಾತಿಯದೇ 'ಮಾಪ್ಸ್' ಅನ್ನುವ ತಳಿ, 60 ಡಾಲರ್. ಮೂರನೆಯದು 'ಥಂಡರ್‌ಹೆಡ್', ಜಪಾನಿನ ಕಪ್ಪು ಪೈನ್‌ನ ಕುಳ್ಳ ತಳಿ. ಅದಕ್ಕೆ 140 ಡಾಲರ್ ಕೊಟ್ಟೆ.

ಬೆಲೆಯಲ್ಲಿ ಇಷ್ಟು ಅಂತರ ಯಾಕೆ ಅಂತ ಆಗ ನಾನು ಕೇಳಲಿಲ್ಲ. ಕೇಳಬೇಕಿತ್ತು. 20 ಡಾಲರ್ ಗಿಡ ಬೀಜದಿಂದ ಹುಟ್ಟಿದ್ದು. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಪ್ಯೂಮಿಲಿಯೋ' ಅಂತ ಬರೆದಿತ್ತು. ಮ್ಯೂಗೋ ಆಲ್ಪ್ಸ್, ಪಿರೆನೀಸ್, ಕಾರ್ಪೇಥಿಯನ್ ಬೆಟ್ಟಗಳ ಗಿಡ. ಬೀಜದ ಸಸಿ ಅಂದರೆ ಒಂದೊಂದೂ ಒಂದೊಂದು ಥರ. ಕೆಲವು ಮಂಡಿ ಎತ್ತರಕ್ಕೇ ನಿಲ್ಲುತ್ತವೆ, ಕೆಲವು ಆಳೆತ್ತರ ದಾಟುತ್ತವೆ. ಒಂದಡಿ ಇರುವಾಗ ಯಾವುದು ಹೇಗೆ ಅಂತ ಯಾರಿಗೂ ಗೊತ್ತಾಗಲ್ಲ. ಮಾಪ್ಸ್, ಥಂಡರ್‌ಹೆಡ್ ಹಾಗಲ್ಲ. ಅವು ಕಸಿ ಕಟ್ಟಿದ ಗಿಡಗಳು. ತಾಯಿ ಗಿಡ ಎಷ್ಟು ಬೆಳೆಯುತ್ತದೋ ಇವೂ ಅಷ್ಟೇ. ಬೀಜದ ಮಾವಿನ ಸಸಿಗೂ ಕಸಿ ಮಾವಿಗೂ ಇರುವ ವ್ಯತ್ಯಾಸವೇ ಇದು.

'ಡ್ವಾರ್ಫ್' ಅನ್ನುವ ಮಾತನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಪೈನ್ ಥರದ ಮರಗಳ ಆಸಕ್ತರ ಸಂಘವಾದ ಅಮೆರಿಕನ್ ಕೋನಿಫರ್ ಸೊಸೈಟಿಯ ಲೆಕ್ಕದಲ್ಲಿ ವರ್ಷಕ್ಕೆ 1ರಿಂದ 6 ಇಂಚು ಬೆಳೆಯುವುದೆಲ್ಲ ಡ್ವಾರ್ಫ್. ವರ್ಷಕ್ಕೆ 2 ಇಂಚು ಬೆಳೆಯುವುದೂ ಡ್ವಾರ್ಫ್, 6 ಇಂಚು ಬೆಳೆಯುವುದೂ ಡ್ವಾರ್ಫ್! ಹತ್ತು ವರ್ಷಕ್ಕೆ ಈ ಎರಡರ ನಡುವೆ ಮೂರಡಿಗೂ ಜಾಸ್ತಿ ವ್ಯತ್ಯಾಸ ಬೀಳುತ್ತದೆ.

2024ರ ಅಕ್ಟೋಬರ್‌ನಲ್ಲಿ ಟೇಪ್ ಹಿಡಿದು ಅಳೆದೆ. ಪ್ಯೂಮಿಲಿಯೋ ನಾಲ್ಕೂವರೆ ಅಡಿ ಎತ್ತರ, ಆರಡಿ ಅಗಲ. ಅದೂ ಪ್ರತಿ ವರ್ಷ ಸವರಿದ ಮೇಲೆ. ಮೆಟ್ಟಿಲಿನ ಅರ್ಧ ಭಾಗ ಅದರ ಕೆಳಗೇ ಹೋಗಿದೆ. ಮಾಪ್ಸ್ ಎರಡೂಕಾಲು ಅಡಿ ಎತ್ತರ, ಎರಡೂವರೆ ಅಡಿ ಅಗಲ. ಬುಟ್ಟಿ ಬೋರಲು ಹಾಕಿದ ಹಾಗೆ ದುಂಡಗಿದೆ. ಥಂಡರ್‌ಹೆಡ್ ಐದಡಿ ಎತ್ತರ, ಅಗಲವೂ ಅಷ್ಟೇ.

ಇನ್ನು ಸವರುವ ವಿಷಯ. ನಾನು ಮೂಡಿಗೆರೆ ಕಡೆಯವನು. ನಮ್ಮಲ್ಲಿ ಕಾಫಿ ಗಿಡ ಸವರುವುದಕ್ಕೂ ಕಸಿ ಅಂತಲೇ ಹೇಳುತ್ತೇವೆ. ಕಾಫಿ ಗಿಡ ಹಳೇದಾದರೆ ಬೊಡ್ಡೆ ಬಿಟ್ಟು ಮೇಲೆ ಕಡಿದುಬಿಟ್ಟರಾಯಿತು. ಮಳೆ ಬಿದ್ದ ಮೇಲೆ ಬೊಡ್ಡೆಯಿಂದ ಚಿಗುರು ಬರುತ್ತದೆ, ಒಳ್ಳೆಯದೊಂದನ್ನು ಉಳಿಸಿಕೊಂಡು ಬೆಳೆಸುತ್ತೇವೆ. ದಾಸವಾಳವೂ ಹಾಗೇ. ನನ್ನ ಕೈಗೆ ಗೊತ್ತಿದ್ದದ್ದು ಅದೇ ಲೆಕ್ಕ. 2018ರಲ್ಲಿ ಪ್ಯೂಮಿಲಿಯೋದ ಎರಡು ಕೊಂಬೆ ಮೆಟ್ಟಿಲಿಗೆ ಬಂದವು. ಎಲೆ ಇಲ್ಲದ ಹಳೇ ಕಟ್ಟಿಗೆಯವರೆಗೆ ಹಿಂದಕ್ಕೆ ಕತ್ತರಿಸಿದೆ. ಆ ವರ್ಷ ಚಿಗುರು ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಕೊಂಬೆ ಒಣಗಿ ಹೋಯಿತು. ಆ ಕಡೆಯ ತೂತು ಇವತ್ತಿಗೂ ಮುಚ್ಚಿಲ್ಲ. ಸೂಜಿ ಎಲೆ ಇರುವ ಜಾಗಕ್ಕಿಂತ ಕೆಳಗೆ ಕಡಿದರೆ ಪೈನ್ ಮತ್ತೆ ಚಿಗುರುವುದಿಲ್ಲ. ಅದರ ಗಾತ್ರ ಹಿಡಿಯಬೇಕಾದದ್ದು ಎಳೇ ಚಿಗುರಿನಲ್ಲೇ.

ಆ ಎಳೇ ಚಿಗುರಿಗೆ ಇಲ್ಲಿ ಕ್ಯಾಂಡಲ್ ಅಂತಾರೆ. ನನಗಂತೂ ದೇವರ ಮನೆಯ ಹೂಬತ್ತಿ ನೆನಪಾಗುತ್ತದೆ. ಏಪ್ರಿಲ್ ಕೊನೆಗೆ ಕೊಂಬೆ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ, ತಿಳಿ ಹಸಿರು, ಮೈಯೆಲ್ಲ ತೆಳು ಪೊರೆ. ಸೂಜಿಗಳು ಒಳಗೆ ಒತ್ತಾಗಿ ಮಲಗಿರುತ್ತವೆ. ಅವು ಇನ್ನೇನು ಬಿಚ್ಚಿಕೊಳ್ಳಬೇಕು ಅನ್ನುವಾಗ, ನಮ್ಮ ಕಡೆ ಮೇ ನಡುವೆ, ಬೆರಳಲ್ಲಿ ಹಿಡಿದು ಅರ್ಧಕ್ಕೆ ಮುರಿಯಬೇಕು. ಎಳೇ ಬೆಂಡೆಕಾಯಿ ತುದಿ ಮುರಿದ ಹಾಗೆ ಲಟ್ ಅನ್ನುತ್ತದೆ. ಮುರಿದ ಜಾಗದಲ್ಲಿ ಬೇಸಿಗೆಯೊಳಗೆ ಮುಂದಿನ ವರ್ಷದ ಮೊಗ್ಗು ಕಟ್ಟುತ್ತದೆ. ತಡ ಮಾಡಿ, ಸೂಜಿ ಬಲಿತ ಮೇಲೆ ಕತ್ತರಿಸಿದರೆ ಮೊಗ್ಗು ಸರಿಯಾಗಿ ಕಟ್ಟುವುದಿಲ್ಲ.

2019ರ ಮೇನಲ್ಲಿ ಅಪ್ಪ ಬಂದಿದ್ದರು. ಮಾಪ್ಸ್ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಹೂಬತ್ತಿ ಮುಟ್ಟಿ ನೋಡಿದರು. "ಇದು ಬೊಡ್ಡೆಯಿಂದ ಚಿಗುರಲ್ವೇನೋ?" ಅಂದರು. ಇಲ್ಲ ಅಪ್ಪ, ಅಂದೆ. "ಹಂಗಾದ್ರೆ ಕತ್ತರಿ ಒಳಗಿಡು" ಅಂತ ಹೇಳಿ ಬೆರಳಲ್ಲೇ ಶುರು ಮಾಡಿದರು. ಕಾಫಿ ಗಿಡದಲ್ಲಿ ನೆಟ್ಟಗೆ ಏಳುವ ಕಂಬಚಿಗುರು ತೆಗೆದು ತೆಗೆದು ಪಳಗಿದ ಕೈ. ಉದ್ದ ಇದ್ದದ್ದನ್ನು ಜಾಸ್ತಿ ಮುರಿದರು, ಗಿಡ್ಡ ಇದ್ದದ್ದನ್ನು ಮುಟ್ಟಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಕೈಗೆಲ್ಲ ಅಂಟು. ಸೋಪಿಗೆ ಅದು ಬಗ್ಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿದರೆ ಹೋಗುತ್ತದೆ. ಆ ಮೇಲೆ ನಾನೂ ಅವರ ಥರವೇ ಮಾಡುತ್ತಿದ್ದೇನೆ. ನಡುವೆ ಎರಡು ವರ್ಷ ಕೈಯೇ ಹಾಕಲಿಲ್ಲ, ಆದರೂ ಮಾಪ್ಸ್ ಆಕಾರ ಕೆಡಲಿಲ್ಲ.

ಪ್ಯೂಮಿಲಿಯೋಗೆ ಬೆರಳಿನ ಕೆಲಸ ಸಾಲದು. ನೂರಾರು ಚಿಗುರು, ಒಂದೊಂದೂ ಐದಾರು ಇಂಚು. ಒಂದು ವರ್ಷ ಬೇಲಿ ಕತ್ತರಿಯಲ್ಲಿ ಎಲ್ಲ ಸಮ ಮಾಡಿದೆ. ಆ ದಿನ ಚೆಂದ ಕಾಣಿಸಿತು. ಎರಡು ವಾರಕ್ಕೆ ತುಂಡಾದ ಸೂಜಿಗಳ ತುದಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ವರ್ಷವಿಡೀ ಹಾಗೇ ಇತ್ತು. ಬೇಲಿ ಕತ್ತರಿಯನ್ನು ಪೈನ್‌ಗೆ ಹಾಕಲೇಬೇಡಿ.

ಥಂಡರ್‌ಹೆಡ್ ಕಥೆ ಬೇರೆ. ಅದನ್ನು ತಂದದ್ದೇ ಪೋರ್ಟ್‌ಲ್ಯಾಂಡ್ ಜಪಾನೀಸ್ ಗಾರ್ಡನ್ ನೋಡಿ. 1967ರಲ್ಲಿ ಜನರಿಗೆ ತೆರೆದ ತೋಟ ಅದು. ಅಲ್ಲಿ ಒಬ್ಬರು ಏಣಿ ಮೇಲೆ ನಿಂತು ಪೈನ್‌ನ ಸೂಜಿಗಳನ್ನು ಕೈಯಲ್ಲಿ ಒಂದೊಂದಾಗಿ ಕೀಳುತ್ತಿದ್ದರು. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಥಂಡರ್‌ಹೆಡ್‌ನ ಸೂಜಿ ದಟ್ಟ ಹಸಿರು, ಚಳಿಗಾಲದ ಮೊಗ್ಗು ಬೆಳ್ಳಗೆ. ಜನವರಿಯ ಮೋಡದ ದಿನದಲ್ಲಿ ಆ ಬಿಳಿ ಮೊಗ್ಗುಗಳು ಕಿಟಕಿಯಿಂದಲೇ ಎದ್ದು ಕಾಣುತ್ತವೆ. ಮೂರರಲ್ಲಿ ಅತಿ ಚೆಂದದ್ದು ಇದೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೆಲಸ ಜಾಸ್ತಿ. ಕಪ್ಪು ಪೈನ್ ಗಟ್ಟಿಯಾಗಿದ್ದರೆ ಒಂದೇ ವರ್ಷದಲ್ಲಿ ಎರಡು ಸಲ ಚಿಗುರಬಲ್ಲದು. ಜೂನ್‌ನಲ್ಲಿ ವಸಂತದ ಚಿಗುರನ್ನು ಬುಡದವರೆಗೆ ತೆಗೆದರೆ ಅಲ್ಲೇ ಹೊಸ ಮೊಗ್ಗು ಬಂದು, ಗಿಡ್ಡ ಸೂಜಿಯ ಎರಡನೇ ಚಿಗುರು ಬರುತ್ತದೆ. ಗಿಡ ಒತ್ತಾಗುತ್ತದೆ. ಮ್ಯೂಗೋಗೆ ನಾನು ಹೀಗೆ ಮಾಡುವುದಿಲ್ಲ, ಅದಕ್ಕೆ ವರ್ಷಕ್ಕೆ ಒಂದೇ ಚಿಗುರು. ಮತ್ತೆ ನವೆಂಬರ್‌ನಲ್ಲಿ ಹಳೇ ಸೂಜಿಗಳನ್ನು ಕಿತ್ತು ಒಳಗೆ ಬೆಳಕು ಬಿಡಬೇಕು. ಬಿಡದಿದ್ದರೆ ಒಳಗಿನ ಸಣ್ಣ ರೆಂಬೆಗಳು ಕತ್ತಲಲ್ಲಿ ಸಾಯುತ್ತವೆ. ಜೂನ್‌ನಲ್ಲಿ ಒಂದಿಡೀ ಶನಿವಾರ, ನವೆಂಬರ್‌ನಲ್ಲಿ ಅರ್ಧ ದಿನ ಇದಕ್ಕೇ ಹೋಗುತ್ತದೆ. ನನಗೆ ಆ ಶನಿವಾರ ಇಷ್ಟ. ಮನೆಯಲ್ಲಿ ಸಣ್ಣ ಮಕ್ಕಳಿದ್ದವರಿಗೆ ಕಷ್ಟ.

ಹವಾಮಾನ ಮೂರನ್ನೂ ಪರೀಕ್ಷೆ ಮಾಡಿದ್ದು 2021ರಲ್ಲಿ. ಫೆಬ್ರವರಿಯಲ್ಲಿ ಬಿದ್ದ ಮಳೆ ಕೊಂಬೆ ಮೇಲೇ ಮಂಜುಗಡ್ಡೆಯಾಯಿತು. ಥಂಡರ್‌ಹೆಡ್‌ನ ಒಂದು ದಪ್ಪ ಕೊಂಬೆ ಸೀಳಿತು. ಮ್ಯೂಗೋ ಎರಡೂ ನೆಲಕ್ಕೆ ಬಾಗಿ, ಗಡ್ಡೆ ಕರಗಿದ ಮೇಲೆ ಮೇಲೆದ್ದವು. ಹಿಮದ ಬೆಟ್ಟದ ಗಿಡ ಅಲ್ವಾ. ಜೂನ್ 28ಕ್ಕೆ ಪೋರ್ಟ್‌ಲ್ಯಾಂಡ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಸೆಲ್ಸಿಯಸ್‌ಗೂ ಮೇಲೆ. ಅದಕ್ಕೆ ಎರಡು ವಾರ ಮುಂಚೆ ಥಂಡರ್‌ಹೆಡ್‌ನ ಚಿಗುರು ತೆಗೆದಿದ್ದೆ. ಹೊಸ ಮೊಗ್ಗು ಆಗಷ್ಟೇ ಕಣ್ಣು ಬಿಡುತ್ತಿತ್ತು. ಪಶ್ಚಿಮದ ಕಡೆಯದೆಲ್ಲ ಸುಟ್ಟು ಹೋಯಿತು. ಮಾಪ್ಸ್‌ಗೆ ಏನೂ ಆಗಲಿಲ್ಲ. ಈಗ ವಾರದ ಹವಾಮಾನ ನೋಡದೆ ಜೂನ್ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮಣ್ಣಿನ ಬಗ್ಗೆ ಒಂದು ಮಾತು. ಇಲ್ಲಿಯದು ಜೇಡಿ ಮಣ್ಣು, ಅಕ್ಟೋಬರ್‌ನಿಂದ ಮೇವರೆಗೆ ಮಳೆ. ಬೇರು ನೀರಲ್ಲಿ ನಿಂತರೆ ಪೈನ್ ಕೊಳೆಯುತ್ತದೆ. ಮೂರನ್ನೂ ಒಂದಡಿ ದಿಬ್ಬ ಮಾಡಿ ನೆಟ್ಟಿದ್ದೆ, ಅದರಿಂದಲೇ ಉಳಿದವು. ಶರತ್ಕಾಲದಲ್ಲಿ ಒಳಗಿನ ಸೂಜಿ ಹಳದಿಯಾಗಿ ಉದುರಿದರೆ ಹೆದರಬೇಡಿ. ಅದು ಹಳೇ ಎಲೆ. ತುದಿಯ ಹೊಸ ಸೂಜಿ ಹಳದಿಯಾದರೆ ಮಾತ್ರ ಬುಡ ಕೆದಕಿ ನೋಡಿ.

ನನ್ನನ್ನು ಕೇಳಿದರೆ, ಸಣ್ಣ ಜಾಗ ಇದ್ದವರು ಮಾಪ್ಸ್ ತನ್ನಿ. ಗಿಡದ ಜೊತೆ ಕೂತು ಕೆಲಸ ಮಾಡುವ ಆಸೆ, ಬಿಡುವು ಎರಡೂ ಇದ್ದರೆ ಥಂಡರ್‌ಹೆಡ್ ತನ್ನಿ. ಬೀಜದ ಪ್ಯೂಮಿಲಿಯೋ ಕೆಟ್ಟ ಗಿಡ ಅಲ್ಲ. ಇಳಿಜಾರು, ದೊಡ್ಡ ಹಿತ್ತಲು ಇದ್ದರೆ ಬೇಕಾದಷ್ಟು ಹರಡಲಿ. ಮೆಟ್ಟಿಲ ಪಕ್ಕ ಮಾತ್ರ ಬೇಡ.

ನಮ್ಮದನ್ನು ಈ ಶರತ್ಕಾಲ ತೆಗೆಸುತ್ತಿದ್ದೇನೆ. ಇನ್ನೊಂದು ಮಾಪ್ಸ್ ತಂದು ಗ್ಯಾರೇಜಿನ ಪಕ್ಕ ಕುಂಡದಲ್ಲೇ ಇಟ್ಟಿದ್ದೇನೆ, ಇನ್ನೂ ಒಂದಡಿ ಇಲ್ಲ. ಮೊದಲ ಮಳೆ ಬಿದ್ದ ಮೇಲೆ ಮೆಟ್ಟಿಲಿನಿಂದ ಮೂರಡಿ ದೂರಕ್ಕೆ ನೆಡುತ್ತೇನೆ.